ಯುದ್ಧ ಮುಗಿದ ಮೇಲೆ ಓಡಿಹೋದವರು ವಾಪಸು ಬರುತ್ತಾರಾ?

ಯುದ್ಧದಲ್ಲಿ ಸತ್ತವರನ್ನು ಬಿಟ್ಟರೆ ದೇಶದ ಜನಸಂಖ್ಯೆಗೆ ಬೇರೆ ಏನು ಪೆಟ್ಟು, ಓಡಿಹೋದವರು ವಾಪಸು ಬರುತ್ತಾರಾ ಎಂದು ಕೇಳಿದ್ದೀರಿ. ನಾನು ಬದಿಯಡ್ಕದವನು. ನಮ್ಮ ಕಾಸರಗೋಡಿನಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇರುತ್ತಾರೆ, ಹಾಗಾಗಿ ಇದು ನಮಗೆ ದೂರದ ಮಾತಲ್ಲ.

1990ರ ಆಗಸ್ಟ್ 2ಕ್ಕೆ ಇರಾಕ್ ಕುವೈತಿಗೆ ನುಗ್ಗಿದಾಗ ಚಿಕ್ಕಪ್ಪ ಅಲ್ಲೇ ಇದ್ದರು. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಅಮ್ಮಾನ್, ಮತ್ತೆ ಏರ್ ಇಂಡಿಯಾದಲ್ಲಿ ಮುಂಬೈ. ಹಾಗೆ ಸುಮಾರು 1.7 ಲಕ್ಷ ಭಾರತೀಯರನ್ನು ಕರೆತಂದರು. ಊರಿಗೆ ಬಂದಾಗ ಚಿಕ್ಕಪ್ಪನ ಕೈಯಲ್ಲಿ ಒಂದು ರೆಕ್ಸಿನ್ ಚೀಲ, ಒಳಗೆ ಯಾರೂ ತೆಗೆದುಕೊಳ್ಳದ ದಿನಾರ್ ನೋಟು. ಅಜ್ಜಿ ಅದನ್ನು ಅಕ್ಕಿ ಡಬ್ಬದಲ್ಲಿ ಎಷ್ಟೋ ವರ್ಷ ಇಟ್ಟುಕೊಂಡಿದ್ದರು.

ಇನ್ನು ಸೈನ್ಯಕ್ಕೆ ಕಡ್ಡಾಯವಾಗಿ ಕರೆದರೆ ಗಡಿಯಲ್ಲಿ ಎರಡು ರೀತಿ ನಡೆಯಬಹುದು. ಉಕ್ರೇನ್ 2022ರಲ್ಲಿ 18ರಿಂದ 60ರ ಗಂಡಸರು ಹೊರಗೆ ಹೋಗುವಂತಿಲ್ಲ ಎಂದಿತು. ಹೊರಟವರು ಜಾಸ್ತಿ ಹೆಂಗಸರು, ಮಕ್ಕಳು. ಮಕ್ಕಳು ಪೋಲೆಂಡ್, ಜರ್ಮನಿಯ ಶಾಲೆಗೆ ಒಗ್ಗಿಕೊಂಡ ಮೇಲೆ ಅಪ್ಪನೇ ಅಲ್ಲಿಗೆ ಹೋಗಬೇಕಾದೀತು. ರಷ್ಯಾ ಅದೇ ವರ್ಷ ಸೆಪ್ಟೆಂಬರ್ 21ಕ್ಕೆ 3 ಲಕ್ಷ ಜನರನ್ನು ಸೇರಿಸಿಕೊಳ್ಳುತ್ತೇವೆ ಎಂದಾಗ ಗಂಡಸರೇ ಓಡಿದರು. ಜಾರ್ಜಿಯಾದ ಗಡಿಯಲ್ಲಿ ಕಾರುಗಳ ಸಾಲು ಕಿಲೋಮೀಟರುಗಟ್ಟಲೆ. ನಡೆದು ದಾಟಲು ಬಿಡದ್ದಕ್ಕೆ ಸೈಕಲ್ ಕೊಂಡು ದಾಟಿದವರೂ ಇದ್ದರು. ದುಡಿಯುವ ವಯಸ್ಸಿನವರು, ಅದರಲ್ಲೂ ಕಂಪ್ಯೂಟರ್ ಕೆಲಸದವರು. ಅಂಥವರಿಗೆ ಎಲ್ಲಿ ಹೋದರೂ ಕೆಲಸ ಸಿಗುತ್ತದೆ ಅಲ್ವಾ?

ಹುಟ್ಟದೇ ಹೋದವರದ್ದು ಇನ್ನೂ ಉದ್ದದ ಲೆಕ್ಕ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟದ ಸುಮಾರು 2.7 ಕೋಟಿ ಜನ ಸತ್ತರು. 1959ರ ಜನಗಣತಿಯಲ್ಲೂ ಗಂಡಸರಿಗಿಂತ ಹೆಂಗಸರು ಸುಮಾರು 2 ಕೋಟಿ ಜಾಸ್ತಿ. ಯುದ್ಧದ ವರ್ಷಗಳಲ್ಲಿ ಹೆರಿಗೆ ಕಡಿಮೆ, ಆದ್ದರಿಂದ ಅರವತ್ತರ ದಶಕದ ಕೊನೆಗೆ ತಾಯಂದಿರೇ ಕಡಿಮೆ. ತೊಂಬತ್ತರ ದಶಕದಲ್ಲಿ ಹೆರಿಗೆಯ ಅದೇ ಇಳಿತ ಮತ್ತೆ ಕಾಣಿಸಿತು, ಆಗ ಬಡತನವೂ ಸೇರಿಕೊಂಡಿತ್ತು ಅನ್ನಿ.

ವಾಪಸು ಬರುತ್ತಾರಾ ಎಂದರೆ, ಚಿಕ್ಕಪ್ಪ 1992ರಲ್ಲಿ ಕುವೈತಿಗೇ ಹೋದರು. ಹಳೇ ಕಟ್ಟಡವೇ ಸಿಕ್ಕಿತು. ಆದರೆ ಎದುರು ಮನೆಯ ಪ್ಯಾಲೆಸ್ಟೀನಿನವರು ಇರಲಿಲ್ಲ. ಅವರ ನಾಯಕರು ಇರಾಕಿನ ಸದ್ದಾಂ ಪರ ನಿಂತರು ಎಂಬ ಸಿಟ್ಟಿಗೆ ಅಲ್ಲಿದ್ದ ಸುಮಾರು 4 ಲಕ್ಷ ಪ್ಯಾಲೆಸ್ಟೀನಿಯರಲ್ಲಿ ಹೆಚ್ಚಿನವರಿಗೆ ಮತ್ತೆ ಜಾಗ ಸಿಗಲಿಲ್ಲ. ಆ ಮನೆಗೆ ಬೇರೆ ಬಾಡಿಗೆಯವರು ಬಂದಿದ್ದರಂತೆ.