ಪರದೆಯಲ್ಲಿ ಸರಿಯಿದ್ದ ಸ್ವರಲಿಪಿ ಮುದ್ರಣದಲ್ಲಿ ಕೆಡುವುದೇಕೆ?

ಮಾಟುಂಗಾದ ನಿಮ್ಮ ಗಾಯನವೃಂದಕ್ಕೆ ಸ್ವರಲಿಪಿ ಬರೆಯುವ ತಂತ್ರಾಂಶವಾದ ಮ್ಯೂಸ್‌ಸ್ಕೋರ್‌ನಲ್ಲಿ ಸಿದ್ಧಪಡಿಸಿದ ಹಾಳೆಯ ಕೊನೆಯ ಸಾಲು ಮನೆಯ ಪ್ರಿಂಟರ್‌ನಲ್ಲಿ ತುಂಡಾಗುತ್ತದೆ, ಜೆರಾಕ್ಸ್ ಅಂಗಡಿಯಲ್ಲಿ ಸ್ವರಗಳೇ ಸ್ಥಳ ಬದಲಿಸುತ್ತವೆ ಎಂದಿದ್ದೀರಿ. ಮೊದಲನೆಯದಕ್ಕೆ ನನ್ನ ಅನುಮಾನ ಕಾಗದದ ಅಳತೆಯ ಮೇಲೆ. ಎ4 ಹಾಳೆಯ ಉದ್ದ 297 ಮಿ.ಮೀ., ಅಮೆರಿಕದ ಲೆಟರ್ ಹಾಳೆಯದು ಸುಮಾರು 279. ಕಡತ ಎ4, ಪ್ರಿಂಟರ್ ಲೆಟರ್ ಎಂದಿದ್ದರೆ ಕೆಳಭಾಗ ಹೊರಗುಳಿಯುತ್ತದೆ. ‘ಫಿಟ್ ಟು ಪೇಜ್’ ಒತ್ತಿದರೆ ಸಾಲು ಉಳಿದರೂ ಎಲ್ಲವೂ ಕುಗ್ಗುತ್ತದೆ. ಹಿರಿಯ ಗಾಯಕರು ಕನ್ನಡಕ ಹುಡುಕುತ್ತಾರೆ. ಕಡತ, ಪ್ರಿಂಟರ್ ಎರಡರಲ್ಲೂ ಎ4 ಇಟ್ಟು ‘ಆ್ಯಕ್ಚುವಲ್ ಸೈಜ್’ ಆರಿಸಿ.

ಅಂಗಡಿಗೆ ಮಾತ್ರ ಮೂಲ ಕಡತ ಕೊಡಲೇಬೇಡಿ. ಸಾಹಿತ್ಯಕ್ಕೆ ನೀವು ಬಳಸಿದ ಕನ್ನಡ ಫಾಂಟ್ ಮುಂಬಯಿಯ ಅಂಗಡಿಯವರಲ್ಲಿ ಎಲ್ಲಿಂದ ಬರಬೇಕು? ಬೇರೆ ಫಾಂಟ್ ಬಂದೊಡನೆ ಅಕ್ಷರಗಳ ಅಗಲ ಬದಲಾಗಿ, ಸ್ವರಗಳ ನಡುವಿನ ಅಂತರವೂ ಬದಲಾಗುತ್ತದೆ. ಪಿಡಿಎಫ್ ಮಾಡಿ ಕೊಡಿ. ಫಾಂಟ್ ಅದರೊಳಗೇ ಅಡಕವಾಗಿರುತ್ತದೆ.