ಮಾಸಾಶನ ನಿಂತಿದೆ, ಹಳೆಯ ಪ್ರಮಾಣಪತ್ರ ರದ್ದಾಯಿತೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದ ಒಂದು ಕಾಲಿನಲ್ಲಿ ಬಲವಿಲ್ಲ. 2009ರಲ್ಲಿ ವೈದ್ಯಕೀಯ ಮಂಡಳಿ ಶೇ 60ರ ಅಂಗವೈಕಲ್ಯದ ಕಾಯಂ ಪ್ರಮಾಣಪತ್ರ ಕೊಟ್ಟಿದೆ. ತಿಂಗಳಿಗೆ 800 ರೂಪಾಯಿ ಮಾಸಾಶನ ಬರುತ್ತಿತ್ತು. ನಾಲ್ಕು ತಿಂಗಳಿಂದ ಬಂದಿಲ್ಲ. ಹಳೆಯ ಪ್ರಮಾಣಪತ್ರ ರದ್ದಾಗಿದೆ, ಹೊಸ ಕಾರ್ಡ್ ಮಾಡಿಸಬೇಕು ಎಂದು ಊರಿನವರು ಹೇಳುತ್ತಾರೆ. ಮತ್ತೆ ಪರೀಕ್ಷೆಗೆ ಹೋದರೆ ಇರುವುದೂ ಹೋದೀತೆಂಬ ಭಯ. ಹೊಲಿಗೆ ಯಂತ್ರದ ಸಾಲಕ್ಕಾಗಿ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದದ್ದು ಬಿಟ್ಟರೆ ಅವನ ವಿಷಯದಲ್ಲಿ ಏನೂ ಬದಲಾಗಿಲ್ಲ. ಏನು ಮಾಡಬೇಕು?
— ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ನೀವು ಕೊನೆಯಲ್ಲಿ ಬರೆದಿರುವ ಸಂಗತಿಯಿಂದಲೇ ಆರಂಭಿಸುತ್ತೇನೆ. ಮಾಸಾಶನ ಈಗ ಖಾತೆ ಸಂಖ್ಯೆಯನ್ನು ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆಯನ್ನು ಹಿಡಿದು ಬರುತ್ತದೆ. ಒಂದು ಆಧಾರ್ ಸಂಖ್ಯೆಗೆ ಒಂದೇ ಬ್ಯಾಂಕ್ ಜೋಡಣೆಯಾಗಿರಲು ಸಾಧ್ಯ. ಹೊಸ ಖಾತೆ ತೆರೆಯುವಾಗ ಆಧಾರ್ ಜೋಡಣೆಯ ಒಪ್ಪಿಗೆಗೆ ಸಹಿ ಹಾಕಿದರೆ, ಅಲ್ಲಿಂದ ಮುಂದೆ ಸರ್ಕಾರದ ಹಣವೆಲ್ಲ ಆ ಖಾತೆಗೇ ಹೋಗುತ್ತದೆ. ಹೀಗೆಯೇ ಮಾಸಾಶನ ನಿಂತಿತೆಂದು ಅಂಗಡಿಯಲ್ಲಿ ಸಾಲ ಮಾಡಿ ದಿನ ದೂಡುತ್ತಿದ್ದ ಒಬ್ಬರ ಜೊತೆ ಬ್ಯಾಂಕಿಗೆ ಹೋಗಿದ್ದೆ. ಅವರು ಒಮ್ಮೆಯೂ ತೆರೆದು ನೋಡಿರದ ಪಾಸ್‌ಬುಕ್ಕನ್ನು ಯಂತ್ರಕ್ಕೆ ಕೊಟ್ಟಾಗ ಐದು ತಿಂಗಳ ಹಣ ಒಂದರ ಕೆಳಗೊಂದು ಅಚ್ಚಾಗಿ ಬಂತು. ಆದ್ದರಿಂದ ಮೊದಲು ಹೊಸ ಖಾತೆಯ ಪಾಸ್‌ಬುಕ್ಕಿನಲ್ಲಿ ನಮೂದು ಮಾಡಿಸಿರಿ. ಡಿಬಿಟಿ ಕರ್ನಾಟಕ ಎಂಬ ಮೊಬೈಲ್ ಆ್ಯಪ್‌ನಲ್ಲಿಯೂ ಹಣ ಯಾವ ಬ್ಯಾಂಕಿಗೆ ಜಮೆಯಾಗಿದೆ ಎಂಬುದನ್ನು ನೋಡಬಹುದು.

ಅಲ್ಲಿಯೂ ಹಣ ಇಲ್ಲದಿದ್ದರೆ ಮಂಜೂರಾತಿ ಆದೇಶದ ಪ್ರತಿಯೊಂದಿಗೆ ತಾಲ್ಲೂಕು ಕಚೇರಿಗೆ ಹೋಗಿ, ಮಾಸಾಶನವನ್ನು ತಡೆಹಿಡಿಯಲಾಗಿದೆಯೇ, ಹೌದಾದರೆ ಯಾವ ಕಾರಣಕ್ಕೆ ಎಂದು ತಹಶೀಲ್ದಾರರಿಗೆ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಹೊಸದಾಗಿ ಅರ್ಜಿ ಹಾಕಿಬಿಡಿ ಎಂಬ ಸಲಹೆಯನ್ನು ಒಪ್ಪಬೇಡಿ. ನಿಂತುಹೋದ ತಿಂಗಳುಗಳ ಬಾಕಿ ಕೇಳಲು ಹಳೆಯ ಆದೇಶವೇ ನಿಮ್ಮ ಆಧಾರ.

ಇನ್ನು ಪ್ರಮಾಣಪತ್ರದ ವಿಷಯ. 1995ರ ಕಾಯ್ದೆಯ ಸ್ಥಾನದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಾಗ, ಕಾನೂನು ಗುರುತಿಸುವ ಅಂಗವೈಕಲ್ಯಗಳು 7ರಿಂದ 21ಕ್ಕೆ ಏರಿದವು. ಹಳೆಯ ಕಾಯ್ದೆಯಡಿ ಕೊಟ್ಟ ಪ್ರಮಾಣಪತ್ರಗಳು ಅವುಗಳಲ್ಲಿ ಬರೆದಿರುವ ಅವಧಿಯವರೆಗೆ ಊರ್ಜಿತವಾಗಿರುತ್ತವೆ ಎಂದು 2017ರ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ನಿಮ್ಮ ತಮ್ಮನದು ಕಾಯಂ ಪ್ರಮಾಣಪತ್ರವಾದ್ದರಿಂದ ಅದು ತಾನಾಗಿ ರದ್ದಾಗಿಲ್ಲ. ಹಾಗೆಂದು ಊರಿನವರು ಹೇಳುವ ಹೊಸ ಕಾರ್ಡನ್ನು, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನು, ಮುಂದೂಡುವುದೂ ಬೇಡ. 2023ರ ಏಪ್ರಿಲ್‌ನಿಂದ ಕೇಂದ್ರದ ಯೋಜನೆಗಳಿಗೆ ಆ ಸಂಖ್ಯೆಯನ್ನು ಕೇಳುತ್ತಿದ್ದಾರೆ. 2024ರ ಅಕ್ಟೋಬರ್‌ನ ತಿದ್ದುಪಡಿಯಂತೆ ಶೇ 40ರಿಂದ 79ರವರೆಗಿನವರಿಗೆ ಹಳದಿ, ಶೇ 80 ಮತ್ತು ಮೇಲ್ಪಟ್ಟವರಿಗೆ ನೀಲಿ ಕಾರ್ಡ್ ಬರುತ್ತದೆ. ಕಾರ್ಡಿಗೆ ಅರ್ಜಿ ಹಾಕುವಾಗ ಹಳೆಯ ಪ್ರಮಾಣಪತ್ರವನ್ನೂ ಸೇರಿಸಿರಿ. ಮರುತಪಾಸಣೆಗೆ ಕರೆದು ಶೇಕಡಾವಾರು ತಗ್ಗಿಸಿದರೆ, ಕಾಯ್ದೆಯ 59ನೇ ಕಲಮು ಮೇಲ್ಮನವಿಯ ಹಕ್ಕನ್ನು ಕೊಟ್ಟಿದೆ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವನ್ನು ಇದಕ್ಕೆ ಪಡೆಯಬಹುದು.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ಅಂಗವಿಕಲರಿಗೆ ಕೊಡುವ ನೆರವು ಇತರರಿಗಿರುವ ಅಂಥದೇ ಯೋಜನೆಗಳಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂದು ಅದೇ ಕಾಯ್ದೆಯ 24ನೇ ಕಲಮು ಹೇಳುತ್ತದೆ. 2021ರ ಜುಲೈನಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಏರಿಕೆಯಲ್ಲಿ ವಿಧವಾ ವೇತನವೂ ನಿಮ್ಮ ತಮ್ಮನ ವರ್ಗದ ಮಾಸಾಶನವೂ 600ರಿಂದ 800ಕ್ಕೇ ಬಂದು ನಿಂತವು, ಹಿರಿಯರಿಗೆ ಕೊಡುವ ಸಂಧ್ಯಾ ಸುರಕ್ಷಾ ಮಾಸಾಶನ 1,200 ಆಯಿತು. ಕೇಂದ್ರವು ಶೇ 80 ಮತ್ತು ಅದಕ್ಕೂ ಹೆಚ್ಚು ವೈಕಲ್ಯವಿರುವವರಿಗೆ ಕೊಡುವ ಪಾಲು 2012ರಿಂದ 300 ರೂಪಾಯಿಯಲ್ಲೇ ಇದೆ. ನಿಯಮ ಬದಲಾದಾಗಲೆಲ್ಲ ದಾಖಲೆ ಹಿಡಿದು ಓಡಾಡುವ ಹೊರೆಯನ್ನು ನಡೆಯಲಾಗದವರ ಮೇಲೆಯೇ ಹಾಕಿ, ಕಾನೂನು ಮಾತುಕೊಟ್ಟ ಹೆಚ್ಚಳವನ್ನು ಮಾತ್ರ ಕೊಡದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ತಾಲ್ಲೂಕು ಕಚೇರಿಯಿಂದ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಬರೆಯಿರಿ. ಸ್ವೀಕೃತಿ, ಮಂಜೂರಾತಿ ಆದೇಶ, ಎರಡೂ ಪಾಸ್‌ಬುಕ್ಕುಗಳ ನಕಲು ಜೊತೆಗಿರಲಿ. ಮೂಲ ಪ್ರಮಾಣಪತ್ರವನ್ನು ಮಾತ್ರ ಯಾರ ಕೈಗೂ ಒಪ್ಪಿಸಬೇಡಿ.