ಸೆಫಲೋಟಸ್ ದಿಢೀರನೆ ಬಾಡಿದ್ದಕ್ಕೆ

ನಿಮ್ಮ ಸೆಫಲೋಟಸ್‌ನ, ಅಂದರೆ ಹೂಜಿಯಾಕಾರದ ಎಲೆಗಳಲ್ಲಿ ಕೀಟ ಹಿಡಿಯುವ ಗಿಡದ, ಕುಂಡ ಬದಲಿಸಿದ ಎರಡೇ ವಾರಕ್ಕೆ ಹೂಜಿಗಳೆಲ್ಲ ಒಣಗಿದವು, ತಟ್ಟೆಯಲ್ಲಿ ನೀರು ಮಾತ್ರ ಸದಾ ತುಂಬಿತ್ತು ಅಂದಿದ್ದೀರಿ. ಹೆಚ್ಚಾಗಿ ಬೇರು ಕೊಳೆತಿರಬೇಕು. ಪರ್ತ್‌ನ ಬೇಸಿಗೆಯಲ್ಲಿ ಕುಂಡದೊಳಗಿನ ನೀರು ಬಿಸಿಯಾಗುತ್ತದೆ, ಗಾಯವಾದ ಬೇರು ಅದನ್ನು ತಡೆಯುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯ ಆಲ್ಬನಿ ಸುತ್ತಲಿನ ಜೌಗಿನಲ್ಲೇ ಹುಟ್ಟಿದ ಗಿಡವಾದರೂ ಅಲ್ಲಿ ಬೇರಿನ ಬಳಿ ತಂಪಾದ ನೀರು ಜಿನುಗುತ್ತಾ ಇರುತ್ತದೆ, ನಿಂತು ಕೊಳೆಯುವುದಿಲ್ಲ.

ಇವತ್ತೇ ತಟ್ಟೆ ತೆಗೆದು ಗಿಡವನ್ನು ನೆರಳಿಗಿಡಿ. ನಾಳೆ ಕುಂಡದಿಂದ ಮೆಲ್ಲಗೆ ಬಿಡಿಸಿ ಗಡ್ಡೆ (ಮಣ್ಣಿನೊಳಗಿನ ಕಾಂಡ) ಒತ್ತಿ ನೋಡಿ. ಮೆತ್ತಗೆ, ಕಪ್ಪಗೆ ಇದ್ದ ಭಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಕೊಯ್ಯುತ್ತಾ ಹೋಗಿ. ಒಳಗೆ ಗಟ್ಟಿಯಾದ ಬಿಳಿ ತಿರುಳು ಕಂಡ ಕಡೆ ನಿಲ್ಲಿಸಿ. ಬೆರಳಿನ ಗೆಣ್ಣಿನಷ್ಟು ತುಂಡು ಉಳಿದರೂ ಸಾಕು, ಅದರಿಂದಲೇ ಚಿಗುರಬಹುದು.

ಒಂದು ಪಾಲು ಪೀಟ್ (ಜೌಗಿನ ಪಾಚಿಯ ಪುಡಿ), ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಬೆರೆಸಿ, 12-15 ಸೆಂ.ಮೀ. ಆಳದ ಕುಂಡದಲ್ಲಿ ತುಂಡನ್ನು ಅಡ್ಡಲಾಗಿ ಮಲಗಿಸಿ, ಮೇಲೆ ಒಂದು ಸೆಂ.ಮೀ. ಮಿಶ್ರಣ ಮುಚ್ಚಿ. ಗೊಬ್ಬರ ಹಾಕಲೇಬೇಡಿ. ನಲ್ಲಿ ನೀರೂ ಬೇಡ. ಮಳೆನೀರು ಅಥವಾ ಡಿಸ್ಟಿಲ್ಡ್ ನೀರನ್ನು ಮೇಲಿನಿಂದ ಹಾಕಿ, ಪೂರ್ತಿ ಬಸಿದುಹೋಗಲಿ. ಮಿಶ್ರಣ ಹಿಂಡಿದ ಬಟ್ಟೆಯಷ್ಟು ತೇವವಾಗಿದ್ದರೆ ಸಾಕು. ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಟ್ಟರೆ ಬಿಸಿಲಿಗೆ ಕಾಯುವುದಿಲ್ಲ.

ಗಡ್ಡೆ ಪೂರ್ತಿ ಗಟ್ಟಿಯಾಗಿದ್ದರೆ ನನ್ನ ಊಹೆ ತಪ್ಪು, ಆಗ ಏನನ್ನೂ ಕೊಯ್ಯದೆ ಹಾಗೇ ನೆಡಿ. ಚಿಗುರಲು ಎರಡು ಮೂರು ತಿಂಗಳು ಹಿಡಿಯಬಹುದು, ನಡುವೆ ಕೆದಕಿ ನೋಡಬೇಡಿ. ಮೊದಲು ಬರುವುದು ಹೂಜಿಯಲ್ಲ, ಚಪ್ಪಟೆ ಎಲೆಗಳು. ಗಾಬರಿಯಾಗಬೇಡಿ, ಅದೇ ಒಳ್ಳೆಯ ಸೂಚನೆ.